ಎರಡನೇ ಮನೆ ಮಾರುವಾಗ ಆಸ್ತಿ ತೆರಿಗೆಯನ್ನು ಯಾವ ಲೆಕ್ಕದಲ್ಲಿ ತೋರಿಸಬೇಕು

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ವಾಸದ ಮನೆಯ ಜೊತೆಗೆ ಇನ್ನೊಂದು ಮನೆಯುಳ್ಳ ಕುಟುಂಬಗಳು ಕಡಿಮೆಯಿಲ್ಲ. ತಂದೆಯ ಕಾಲದಿಂದ ಬಂದ ಸಿಂಧನೂರಿನ ಮನೆ, ತೋರಣಗಲ್ಲಿನ ಕಾರ್ಖಾನೆಯ ನೌಕರರಿಗೆ ಬಾಡಿಗೆಗೆ ಕೊಡಲೆಂದು ಕಟ್ಟಿಸಿದ ಮನೆ, ಮಕ್ಕಳು ಬೆಂಗಳೂರು ಸೇರಿದ ಮೇಲೆ ಬೀಗ ಹಾಕಿಟ್ಟಿರುವ ಗಂಗಾವತಿಯ ಮನೆ, ಹೀಗೆ ಅದು ಯಾವುದೇ ಆಗಿರಲಿ, ಮಾರುವ ಮಾತು ಬಂದೊಡನೆ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: ಇಷ್ಟು ವರ್ಷ ನಗರಸಭೆಗೋ ಪಂಚಾಯಿತಿಗೋ ಕಟ್ಟಿದ ಮನೆ ಟ್ಯಾಕ್ಸನ್ನು ಮಾರಾಟದ ಲಾಭದಲ್ಲಿ ಕಳೆದು ತೋರಿಸಬಹುದೇ? ಕಳೆಯಲು ಬರುವುದಿಲ್ಲ. ಆದರೆ ಆ ತೆರಿಗೆಗೆ ಆದಾಯ ತೆರಿಗೆಯ ಲೆಕ್ಕದಲ್ಲಿ ಬೇರೊಂದು ಜಾಗವಿದೆ. ಆ ಜಾಗ ಬಾಡಿಗೆಯ ಲೆಕ್ಕದಲ್ಲಿದೆ, ಮತ್ತು ಮನೆ ಕೈಬಿಟ್ಟ ಮೇಲೆ ಅದು ಮುಚ್ಚಿಹೋಗುತ್ತದೆ. ಆದ್ದರಿಂದ ಬಾಕಿ ಇರುವ ತೆರಿಗೆಯನ್ನು ಯಾರು, ಯಾವ ದಿನಾಂಕದಂದು, ಯಾರ ಹಣದಿಂದ ಕಟ್ಟಬೇಕೆಂಬುದನ್ನು ಕರಾರು ಪತ್ರ ಬರೆಯುವ ಮೊದಲೇ ತೀರ್ಮಾನಿಸಿಕೊಳ್ಳುವುದು ಬಹಳ ಮುಖ್ಯ.

ಮೊದಲು ಎರಡು ಲೆಕ್ಕಗಳನ್ನು ಬೇರ್ಪಡಿಸಿ

ಮನೆಯಿಂದ ಬರುವ ಬಾಡಿಗೆಯು ‘ಮನೆ ಆಸ್ತಿಯಿಂದ ಬಂದ ಆದಾಯ’ ಎಂಬ ಶೀರ್ಷಿಕೆಯಡಿ ಬರುತ್ತದೆ. ಮನೆಯನ್ನೇ ಮಾರಿದಾಗ ಬರುವ ಲಾಭವು ‘ಬಂಡವಾಳ ಲಾಭ’ ಎಂಬ ಇನ್ನೊಂದು ಶೀರ್ಷಿಕೆಯಡಿ ಬರುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 23ರ ಪ್ರಕಾರ, ಸ್ಥಳೀಯ ಸಂಸ್ಥೆಗೆ ಮಾಲೀಕರು ವಾಸ್ತವವಾಗಿ ಪಾವತಿಸಿದ ತೆರಿಗೆಯನ್ನು ಬಾಡಿಗೆಯಿಂದ ಕಳೆಯಬಹುದು. ಅದು ಯಾವ ವರ್ಷದ ಬಾಕಿ ಎಂಬುದು ಇಲ್ಲಿ ಮುಖ್ಯವಲ್ಲ, ಯಾವ ವರ್ಷ ಪಾವತಿಯಾಯಿತು ಎಂಬುದೇ ಮುಖ್ಯ. ಐದು ವರ್ಷಗಳ ಬಾಕಿಯನ್ನು ಒಂದೇ ದಿನ ಕಟ್ಟಿದರೆ ಅಷ್ಟೂ ಹಣ ಆ ಒಂದೇ ವರ್ಷದ ಬಾಡಿಗೆಯಿಂದ ಕಳೆಯುತ್ತದೆ. ಹಾಗೆಯೇ, ಈ ವರ್ಷದ ತೆರಿಗೆಯನ್ನು ಕಟ್ಟದೆ ಬಾಕಿ ಉಳಿಸಿದ್ದರೆ, ಅದು ನಿಮ್ಮ ಮೇಲಿನ ಹೊಣೆಯೇ ಆಗಿದ್ದರೂ ಈ ವರ್ಷ ಒಂದು ರೂಪಾಯಿಯೂ ಕಳೆಯುವುದಿಲ್ಲ.

ಬಂಡವಾಳ ಲಾಭದ ಲೆಕ್ಕವನ್ನು ಹೇಳುವ ಕಲಂ 48 ಮೂರೇ ಬಗೆಯ ಕಡಿತಗಳನ್ನು ಒಪ್ಪುತ್ತದೆ: ಸ್ವತ್ತನ್ನು ಕೊಂಡ ವೆಚ್ಚ, ಅದನ್ನು ಸುಧಾರಿಸಿದ ವೆಚ್ಚ, ಮತ್ತು ಮಾರಾಟಕ್ಕಾಗಿಯೇ ಮಾಡಿದ ವೆಚ್ಚ. ವರ್ಷವರ್ಷವೂ ಕಟ್ಟುವ ಆಸ್ತಿ ತೆರಿಗೆಯಿಂದ ಮನೆಗೆ ಹೊಸದೇನೂ ಸೇರುವುದಿಲ್ಲವಾದ್ದರಿಂದ ಅದು ಸುಧಾರಣೆಯಲ್ಲ. ಮನೆಯನ್ನು ಮಾರದಿದ್ದರೂ ಕಟ್ಟಲೇಬೇಕಾದ ಹಣವಾದ್ದರಿಂದ ಅದು ಮಾರಾಟದ ವೆಚ್ಚವೂ ಅಲ್ಲ. ಮಧ್ಯವರ್ತಿಯ ಕಮಿಷನ್, ಮಾರಾಟಕ್ಕೆ ಸಂಬಂಧಿಸಿದ ವಕೀಲರ ಶುಲ್ಕ ಇವುಗಳಿಗೆ ಅಲ್ಲಿ ಸ್ಥಾನವಿದೆ. ಮನೆ ಟ್ಯಾಕ್ಸಿಗೆ ಇಲ್ಲ.

ಮನೆ ಬಾಡಿಗೆಯಲ್ಲಿತ್ತೇ, ಬೀಗ ಹಾಕಿತ್ತೇ?

ಬೀಗ ಹಾಕಿದ್ದ ಮನೆಯ ವಿಷಯ ಬೇಗ ಮುಗಿಯುತ್ತದೆ. 2019-20ನೇ ಹಣಕಾಸು ವರ್ಷದಿಂದ ಎರಡು ಮನೆಗಳವರೆಗೆ ಸ್ವಂತ ವಾಸದವೆಂದು ತೋರಿಸಿ ಅವುಗಳ ವಾರ್ಷಿಕ ಮೌಲ್ಯವನ್ನು, ಅಂದರೆ ತೆರಿಗೆಗಾಗಿ ಲೆಕ್ಕ ಹಿಡಿಯುವ ವರ್ಷದ ಬಾಡಿಗೆ ಮೊತ್ತವನ್ನು, ಸೊನ್ನೆ ಎಂದು ಪರಿಗಣಿಸಲು ಅವಕಾಶವಿದೆ. 2025ರ ತಿದ್ದುಪಡಿಯ ನಂತರ, ಯಾವ ಕಾರಣದಿಂದ ವಾಸಿಸುತ್ತಿಲ್ಲ ಎಂಬ ವಿವರಣೆಯನ್ನೂ ಕೊಡಬೇಕಿಲ್ಲ. ಮೌಲ್ಯವೇ ಸೊನ್ನೆಯಾದ ಮೇಲೆ ತೆರಿಗೆಯನ್ನು ಕಳೆಯಲು ಅಲ್ಲಿ ಏನೂ ಉಳಿದಿರುವುದಿಲ್ಲ. ಹಾಗಾಗಿ ಕೊಪ್ಪಳದ ಮನೆಗೆ ಹದಿನೈದು ವರ್ಷ ತಪ್ಪದೆ ತೆರಿಗೆ ಕಟ್ಟಿ, ಒಮ್ಮೆಯೂ ಬಾಡಿಗೆಗೆ ಕೊಡದೆ ಮಾರುವವರಿಗೆ ಆ ತೆರಿಗೆಯಿಂದ ಆದಾಯ ತೆರಿಗೆಯಲ್ಲಿ ಯಾವ ಪ್ರಯೋಜನವೂ ಸಿಗದು. ಹಳೆಯ ರಸೀದಿಗಳನ್ನೆಲ್ಲ ಕೂಡಿಸಿ ಮನೆಯ ಅಸಲು ವೆಚ್ಚಕ್ಕೆ ಸೇರಿಸಿಕೊಡಿ ಎಂದು ಆಡಿಟರ್ ಅವರನ್ನು ಒತ್ತಾಯಿಸುವುದು ಸರಿಯಲ್ಲ. ಮೂರನೆಯ ಮನೆಯಿದ್ದರೆ ಅದು ಖಾಲಿಯಿದ್ದರೂ ಬಾಡಿಗೆಗೆ ಕೊಟ್ಟಂತೆಯೇ ಲೆಕ್ಕಕ್ಕೆ ಬರುತ್ತದೆ. ಆಗ ಅದಕ್ಕೆ ಕಟ್ಟಿದ ತೆರಿಗೆಯೂ ಕಡಿತಕ್ಕೆ ಬರುತ್ತದೆ.

ಬಾಡಿಗೆಗೆ ಕೊಟ್ಟಿದ್ದ ಮನೆಯ ವಿಷಯದಲ್ಲಿ ಮಾತ್ರ ನಿಧಾನವಾಗಿ ನೋಡಬೇಕಾದದ್ದು ಬಹಳಷ್ಟಿದೆ. ಒಂದು ಉದಾಹರಣೆಯನ್ನು ಹಿಡಿದು ನೋಡೋಣ. ಬಳ್ಳಾರಿಯ ಗಾಂಧಿನಗರದಲ್ಲಿ ತಿಂಗಳಿಗೆ 12,000 ರೂಪಾಯಿ ಬಾಡಿಗೆ ಬರುವ ಒಂದು ಮನೆಯಿದೆ ಎಂದುಕೊಳ್ಳಿ. 2025ರ ಅಕ್ಟೋಬರ್ ಕೊನೆಗೆ ಅದರ ಕ್ರಯಪತ್ರ ನೋಂದಣಿಯಾಗುತ್ತದೆ. ಆ ಹಣಕಾಸು ವರ್ಷದ ಏಳು ತಿಂಗಳ ಬಾಡಿಗೆ 84,000 ರೂಪಾಯಿ. ಈ ವರ್ಷದ ಆಸ್ತಿ ತೆರಿಗೆ 9,000, ಹಿಂದಿನ ಮೂರು ವರ್ಷಗಳ ಬಾಕಿ 24,000, ಒಟ್ಟು 33,000 ರೂಪಾಯಿ. ಮಾಲೀಕರು ನೋಂದಣಿಗೆ ಮೊದಲೇ ಈ ಹಣವನ್ನು ಪಾಲಿಕೆಗೆ ಕಟ್ಟಿದರೆ ವಾರ್ಷಿಕ ಮೌಲ್ಯ 51,000ಕ್ಕೆ ಇಳಿಯುತ್ತದೆ. ಅದರ ಮೇಲೆ ದುರಸ್ತಿ ಮುಂತಾದವುಗಳ ಹೆಸರಿನಲ್ಲಿ ಕಾಯ್ದೆಯೇ ಕೊಡುವ ಶೇಕಡಾ 30ರ ಕಡಿತ, ಅಂದರೆ 15,300 ಕಳೆದರೆ, ತೆರಿಗೆಗೆ ಒಳಪಡುವ ಬಾಡಿಗೆ ಆದಾಯ 35,700 ಆಗುತ್ತದೆ. ಕಟ್ಟದೆ ಬಿಟ್ಟರೆ 84,000ದಲ್ಲಿ ಶೇಕಡಾ 30 ಮಾತ್ರ ಕಳೆದು 58,800 ಉಳಿಯುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ 23,100 ರೂಪಾಯಿ, ಅಂದರೆ ಕಟ್ಟಿದ ತೆರಿಗೆಯ ಶೇಕಡಾ 70 ಭಾಗ. ಶೇಕಡಾ 20ರ ಹಂತದಲ್ಲಿರುವವರಿಗೆ ಶೇಕಡಾ 4ರ ಸೆಸ್ ಸೇರಿ ಸುಮಾರು 4,805 ರೂಪಾಯಿ ಉಳಿತಾಯ. ಮೊತ್ತ ದೊಡ್ಡದೇನಲ್ಲ, ಆದರೆ ಹೇಗಿದ್ದರೂ ಕಟ್ಟಲೇಬೇಕಾದ ಹಣವನ್ನು ಸರಿಯಾದ ದಿನಾಂಕದಂದು ಕಟ್ಟಿದ್ದರಿಂದ ಸಿಗುವ ಉಳಿತಾಯವನ್ನು ಕೈಬಿಡಲು ಕಾರಣವಿಲ್ಲ.

ಈ ಕಡಿತವು ಹಳೆಯ ತೆರಿಗೆ ಪದ್ಧತಿಗೂ ಹೊಸ ಪದ್ಧತಿಗೂ ಅನ್ವಯಿಸುತ್ತದೆ. ಹೊಸ ಪದ್ಧತಿಯಲ್ಲಿ ಯಾವ ಕಡಿತವೂ ಇಲ್ಲ ಎಂದು ತಿಳಿದು ಬಾಡಿಗೆ ಮನೆಯ ಆಸ್ತಿ ತೆರಿಗೆಯನ್ನು ತೋರಿಸದೆ ಬಿಡುವವರಿದ್ದಾರೆ. ಅದು ತಪ್ಪು ತಿಳುವಳಿಕೆ. ವ್ಯತ್ಯಾಸ ಬರುವುದು ಬಾಕಿಯ ಮೊತ್ತ ಬಾಡಿಗೆಯನ್ನೇ ಮೀರಿದಾಗ. ಬಾಡಿಗೆ 40,000 ಇದ್ದು ಕಟ್ಟಿದ ಬಾಕಿ 70,000 ಆದರೆ 30,000 ರೂಪಾಯಿ ನಷ್ಟ ಬರುತ್ತದೆ. ಹಳೆಯ ಪದ್ಧತಿಯಲ್ಲಿ ಇದನ್ನು 2 ಲಕ್ಷದ ಮಿತಿಯೊಳಗೆ ಸಂಬಳದಂತಹ ಇತರ ಆದಾಯದೊಡನೆ ಹೊಂದಿಸಿಕೊಳ್ಳಬಹುದು. ಹೊಸ ಪದ್ಧತಿಯಲ್ಲಿ ಹಾಗೆ ಹೊಂದಿಸಲು ಬರುವುದಿಲ್ಲ. ಆದ್ದರಿಂದ ಬಾಕಿ ಬಹಳ ಬೆಳೆದಿದ್ದು, ಮನೆಯನ್ನು ಮಾರಲು ಇನ್ನೂ ಒಂದೆರಡು ವರ್ಷ ಸಮಯವಿದ್ದರೆ, ಪ್ರತಿ ವರ್ಷದ ಬಾಡಿಗೆಗೆ ಒಗ್ಗುವಷ್ಟನ್ನು ಆಯಾ ಮಾರ್ಚ್ 31ರ ಒಳಗೆ ಕಟ್ಟುತ್ತ ಬರುವುದು ಮೇಲು. ಬಾಕಿಯ ಮೇಲೆ ಬೆಳೆಯುವ ದಂಡವನ್ನೂ ಆಗ ಲೆಕ್ಕಕ್ಕೆ ತೆಗೆದುಕೊಳ್ಳಬೇಕು; ಆದಾಯ ತೆರಿಗೆಯಲ್ಲಿ ಉಳಿಯುವುದಕ್ಕಿಂತ ದಂಡವೇ ಹೆಚ್ಚಾಗುವಂತಿದ್ದರೆ ಒಮ್ಮೆಗೇ ತೀರಿಸುವುದು ಒಳ್ಳೆಯದು.

ರಸೀದಿಯ ಎಲ್ಲ ಸಾಲುಗಳೂ ತೆರಿಗೆಯಲ್ಲ. ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಉಪಕರ, ಆರೋಗ್ಯ ಉಪಕರ, ಭಿಕ್ಷುಕರ ಉಪಕರಗಳು ಅದೇ ಚಲನ್‌ನಲ್ಲಿ ಇರುತ್ತವೆ, ಇವುಗಳನ್ನು ತೆರಿಗೆಯೊಂದಿಗೆ ಸೇರಿಸಿಯೇ ತೋರಿಸುವುದು ರೂಢಿ. ತಡವಾದುದಕ್ಕೆ ಹಾಕಿದ ದಂಡವನ್ನು ಮಾತ್ರ ಸೇರಿಸದಿರುವುದು ಸುರಕ್ಷಿತ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಕಾಯ್ದೆಯು ತೆರಿಗೆಯನ್ನು ಹೇಳುತ್ತದೆಯೇ ಹೊರತು ತಡ ಮಾಡಿದ್ದಕ್ಕೆ ತೆತ್ತ ದಂಡವನ್ನಲ್ಲ. ನಲ್ಲಿ ನೀರಿನ ಶುಲ್ಕ ಆಸ್ತಿ ತೆರಿಗೆಯಲ್ಲ. ಬಾಡಿಗೆದಾರರೇ ತೆರಿಗೆ ಕಟ್ಟುತ್ತಿದ್ದರೆ ಆ ರಸೀದಿಯ ಮೇಲೆ ಮಾಲೀಕರಿಗೆ ಕಡಿತವಿಲ್ಲ.

ಬಾಕಿಯನ್ನು ಖರೀದಿದಾರರ ಮೇಲೆ ಬಿಡಬೇಡಿ

ನಮ್ಮ ಕಡೆ ಮನೆ ವ್ಯವಹಾರ ಕುದುರುವಾಗ ‘ಟ್ಯಾಕ್ಸ್ ಬಾಕಿ ನೀವೇ ಕಟ್ಟಿಕೊಳ್ಳಿ, ಅಷ್ಟು ಹಣ ಮುರಿದುಕೊಂಡು ಕೊಡಿ’ ಎಂದು ಒಪ್ಪಿಕೊಳ್ಳುವುದು ಸಾಮಾನ್ಯ. ಇದರಿಂದ ಮಾರುವವರಿಗೆ ಎರಡು ಕಡೆ ನಷ್ಟವಾಗುತ್ತದೆ. ಮೇಲಿನ ಮನೆಯೇ 52,00,000 ರೂಪಾಯಿಗೆ ಮಾರಾಟವಾಗಿ, ಖರೀದಿದಾರರು 33,000 ಹಿಡಿದುಕೊಂಡು 51,67,000 ಕೊಟ್ಟರು ಎನ್ನಿ. ಬಂಡವಾಳ ಲಾಭದ ಲೆಕ್ಕಕ್ಕೆ ಮಾರಾಟದ ಬೆಲೆ 52,00,000 ರೂಪಾಯಿಯೇ ಆಗಿರುತ್ತದೆ, ಏಕೆಂದರೆ ಹಿಡಿದುಕೊಂಡ ಹಣದಿಂದ ತೀರಿದ್ದು ನಿಮ್ಮದೇ ಹಳೆಯ ಸಾಲ. ಬಾಡಿಗೆಯ ಲೆಕ್ಕದಲ್ಲಿಯೂ ಕಡಿತ ಸಿಗುವುದಿಲ್ಲ, ಏಕೆಂದರೆ ಪಾವತಿಸಿದವರು ನೀವಲ್ಲ. ಮಾರ್ಚ್ 31 ದಾಟಿದ ಮೇಲೆ ನೀವೇ ಹೋಗಿ ಕಟ್ಟಿದರೂ, ಆ ಹೊಸ ವರ್ಷದಲ್ಲಿ ನಿಮಗೆ ಆ ಮನೆಯೇ ಇರುವುದಿಲ್ಲವಾದ್ದರಿಂದ ಕಳೆಯಲು ಆಸ್ಪದವಿಲ್ಲ.

ಅನೇಕರ ಕಷ್ಟವೆಂದರೆ ಮನೆ ಮಾರಾಟವಾಗುವ ಮೊದಲು ಬಾಕಿ ತೀರಿಸಲು ಕೈಯಲ್ಲಿ ಹಣವಿಲ್ಲದಿರುವುದು. ಇದಕ್ಕೆ ದಾರಿ ಸರಳವಾಗಿದೆ. ಕರಾರು ಮಾಡಿಕೊಳ್ಳುವಾಗ ಬರುವ ಮುಂಗಡವನ್ನು ಬ್ಯಾಂಕಿನ ಮೂಲಕವೇ ಪಡೆದು, ನಿಮ್ಮ ಖಾತೆಯಿಂದಲೇ ಆಸ್ತಿ ತೆರಿಗೆಯ ಬಾಕಿಯನ್ನು ಕಟ್ಟಿರಿ. ಸ್ಥಿರಾಸ್ತಿಯ ಮುಂಗಡವಾಗಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ನಗದು ಪಡೆಯುವುದನ್ನು ಕಲಂ 269ಎಸ್‌ಎಸ್ ನಿಷೇಧಿಸುತ್ತದೆ, ಮತ್ತು ಪಡೆದಷ್ಟೇ ಮೊತ್ತದ ದಂಡಕ್ಕೆ ಅವಕಾಶವಿದೆ. ಕರಾರು ಪತ್ರದಲ್ಲಿ ಇಂತಹ ಒಂದು ವಾಕ್ಯವಿರಲಿ: ‘ಸದರಿ ಸ್ವತ್ತಿಗೆ ಸಂಬಂಧಿಸಿದ ಆಸ್ತಿ ತೆರಿಗೆ, ಉಪಕರ ಮತ್ತು ದಂಡದ ಬಾಕಿಯನ್ನು ಕ್ರಯಪತ್ರ ನೋಂದಣಿಯಾಗುವ ದಿನದವರೆಗೆ ಮಾರಾಟಗಾರರೇ ತಮ್ಮ ಸ್ವಂತ ಹಣದಿಂದ ಪಾವತಿಸಿ, ಅದರ ರಸೀದಿಗಳನ್ನು ಖರೀದಿದಾರರಿಗೆ ಒಪ್ಪಿಸತಕ್ಕದ್ದು, ನಂತರದ ತೆರಿಗೆಯು ಖರೀದಿದಾರರ ಜವಾಬ್ದಾರಿಯಾಗಿರತಕ್ಕದ್ದು.’

ಏಪ್ರಿಲ್‌ನಲ್ಲಿಯೇ ಇಡೀ ವರ್ಷದ ತೆರಿಗೆ ಕಟ್ಟಿ ಶೇಕಡಾ 5ರ ರಿಯಾಯಿತಿ ಪಡೆದವರು ಅಕ್ಟೋಬರ್‌ನಲ್ಲಿ ಮಾರಿದರೆ, ಉಳಿದ ಐದು ತಿಂಗಳ ಪಾಲನ್ನು ಖರೀದಿದಾರರಿಂದ ಕೇಳಬಹುದೇ ಎಂಬುದು ಅವರವರ ಒಪ್ಪಂದಕ್ಕೆ ಬಿಟ್ಟ ವಿಷಯ. ಕೇಳದಿದ್ದರೆ ಕಟ್ಟಿದ ಪೂರ್ತಿ ತೆರಿಗೆಯನ್ನು ಏಳು ತಿಂಗಳ ಬಾಡಿಗೆಯಿಂದ ಕಳೆಯಬಹುದು. ಕೇಳಿ ಪಡೆದರೆ, ಮರಳಿ ಬಂದಷ್ಟನ್ನು ಬಿಟ್ಟು ಉಳಿದದ್ದನ್ನು ಮಾತ್ರ ತೋರಿಸುವುದು ನ್ಯಾಯವಾದ ಕ್ರಮವೆಂದು ನಾನು ತಿಳಿಯುತ್ತೇನೆ.

ಈ ವಿಷಯದಲ್ಲಿ ಅಮೆರಿಕದಲ್ಲಿರುವ ಬಂಧುಗಳ ಸಲಹೆಯನ್ನು ಹಾಗೆಯೇ ಇಲ್ಲಿಗೆ ತರಬಾರದು. ಅಲ್ಲಿ ಮಾರಾಟವಾದ ವರ್ಷದ ಆಸ್ತಿ ತೆರಿಗೆಯನ್ನು, ಕಟ್ಟಿದವರು ಯಾರೇ ಆಗಿರಲಿ, ಮಾರಾಟದ ದಿನಾಂಕಕ್ಕೆ ಸರಿಯಾಗಿ ಮಾರಿದವರಿಗೂ ಕೊಂಡವರಿಗೂ ದಿನಗಳ ಲೆಕ್ಕದಲ್ಲಿ ಹಂಚುವ ನಿಯಮವಿದೆ. ಸ್ವಂತ ವಾಸದ ಎರಡನೇ ಮನೆಯ ಆಸ್ತಿ ತೆರಿಗೆಯನ್ನೂ ಒಂದು ಮಿತಿಯೊಳಗೆ ಅಲ್ಲಿ ಕಳೆಯಬಹುದು. ನಮ್ಮ ಕಾಯ್ದೆಯಲ್ಲಿ ಈ ಎರಡೂ ಇಲ್ಲ. ಅಲ್ಲಿ ನೆಲೆಸಿದವರೇ ರಾಯಚೂರಿನ ತಂದೆಯ ಮನೆಯನ್ನು ಮಾರುತ್ತಿದ್ದರೆ, ಅವರು ಅನಿವಾಸಿಯಾದ್ದರಿಂದ ಖರೀದಿದಾರರು ಮೂಲದಲ್ಲಿ ಕಡಿತ ಮಾಡಬೇಕಾದ ತೆರಿಗೆಯ ನಿಯಮವೇ ಬೇರೆಯಾಗುತ್ತದೆ. ನಿವಾಸಿಗಳಿಗಿರುವ ಶೇಕಡಾ 1ರ ದರ ಅವರಿಗಿಲ್ಲ.

ಮಾರಾಟದ ಲಾಭದ ಲೆಕ್ಕ

ಗಾಂಧಿನಗರದ ಅದೇ ಮನೆಯನ್ನು 2012ರ ಆಗಸ್ಟ್‌ನಲ್ಲಿ ಮುದ್ರಾಂಕ ಶುಲ್ಕ ಮತ್ತು ನೋಂದಣಿ ಶುಲ್ಕ ಸೇರಿ 18,00,000 ರೂಪಾಯಿಗೆ ಕೊಂಡಿದ್ದರೆಂದೂ, ಈಗ ಮಧ್ಯವರ್ತಿಗೆ 52,000 ಕೊಟ್ಟರೆಂದೂ ಇಟ್ಟುಕೊಳ್ಳೋಣ. 24 ತಿಂಗಳಿಗಿಂತ ಹೆಚ್ಚು ಕಾಲ ಹೊಂದಿದ್ದ ಮನೆಯಾದ್ದರಿಂದ ಇದು ದೀರ್ಘಾವಧಿ ಲಾಭ. 2024ರ ಜುಲೈ 23ಕ್ಕೆ ಮೊದಲು ಕೊಂಡ ಮನೆಗೆ ನಿವಾಸಿ ವ್ಯಕ್ತಿಗಳು ಎರಡು ರೀತಿಯಲ್ಲಿ ಲೆಕ್ಕ ಹಾಕಿ ಕಡಿಮೆ ಬಂದ ತೆರಿಗೆಯನ್ನು ಕಟ್ಟಬಹುದು. ಬೆಲೆಯೇರಿಕೆಗೆ ತಕ್ಕಂತೆ ಕೊಂಡ ವೆಚ್ಚವನ್ನು ಏರಿಸುವ ಹಣದುಬ್ಬರ ಸೂಚ್ಯಂಕವಿಲ್ಲದೆ ಲೆಕ್ಕ ಹಾಕಿದರೆ ಲಾಭ 33,48,000, ಶೇಕಡಾ 12.5ರಂತೆ ತೆರಿಗೆ 4,18,500. ಸೂಚ್ಯಂಕದೊಂದಿಗೆ ಹಾಕಿದರೆ, 2012-13ರ ಸೂಚ್ಯಂಕ 200, 2025-26ರದು 376 ಆಗಿರುವುದರಿಂದ ಕೊಂಡ ವೆಚ್ಚ 33,84,000ಕ್ಕೆ ಏರುತ್ತದೆ. ಲಾಭ 17,64,000, ಶೇಕಡಾ 20ರಂತೆ ತೆರಿಗೆ 3,52,800. ಇಲ್ಲಿ ಎರಡನೆಯದೇ ಅನುಕೂಲ. ಸೆಸ್ ಪ್ರತ್ಯೇಕ. ಈ ಇಡೀ ಲೆಕ್ಕದಲ್ಲಿ ಆ 33,000 ರೂಪಾಯಿ ಎಲ್ಲಿಯೂ ಬಂದಿಲ್ಲ ಎಂಬುದನ್ನು ಗಮನಿಸಿ. 2001ರ ಏಪ್ರಿಲ್ 1ಕ್ಕಿಂತ ಮೊದಲೇ ಕುಟುಂಬಕ್ಕೆ ಬಂದ ಮನೆಯಾಗಿದ್ದರೆ, ಆ ದಿನಾಂಕದ ಮಾರುಕಟ್ಟೆ ಬೆಲೆಯನ್ನು, ನೋಂದಣಿಗಾಗಿ ಸರ್ಕಾರ ನಿಗದಿಪಡಿಸಿದ ಅಂದಿನ ಮಾರ್ಗಸೂಚಿ ಬೆಲೆಯನ್ನು ಮೀರದಂತೆ, ಕೊಂಡ ವೆಚ್ಚವಾಗಿ ತೆಗೆದುಕೊಳ್ಳಬಹುದು.

ಹಳ್ಳಿಯ ಮನೆಗೆ ಬಂಡವಾಳ ಲಾಭವಿಲ್ಲ ಎಂಬ ನಂಬಿಕೆ ಕುರುಗೋಡು, ಮಾನ್ವಿ, ಕುಷ್ಟಗಿ ಕಡೆಗಳಲ್ಲಿ ಗಟ್ಟಿಯಾಗಿದೆ. ಆ ವಿನಾಯಿತಿ ಗ್ರಾಮೀಣ ಕೃಷಿ ಭೂಮಿಗೆ ಮಾತ್ರ ಇದೆ; ಮನೆಗೆ ಇಲ್ಲ.

ಆಸ್ತಿ ತೆರಿಗೆಯಂತೆಯೇ ಕಂಡರೂ ಬಂಡವಾಳ ಲಾಭದಲ್ಲಿ ಕಳೆಯಬಹುದಾದ ಕೆಲವು ಪಾವತಿಗಳಿವೆ. ಹೊಲವನ್ನು ಎನ್.ಎ. (ಕೃಷಿಯೇತರ) ಮಾಡಿಸಿ ಮನೆ ಕಟ್ಟಿದ್ದರೆ ಆಗ ಕಟ್ಟಿದ ಭೂಪರಿವರ್ತನಾ ಶುಲ್ಕ, ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಒಮ್ಮೆ ಕಟ್ಟಿದ ಅಭಿವೃದ್ಧಿ ಶುಲ್ಕ ಇವು ವರ್ಷವರ್ಷದ ತೆರಿಗೆಯಲ್ಲ. ಅವು ಸ್ವತ್ತಿನ ಸ್ವರೂಪವನ್ನೇ ಬದಲಿಸಿದ ವೆಚ್ಚಗಳು. ಅವುಗಳ ಚಲನ್‌ಗಳನ್ನು ಮನೆ ಟ್ಯಾಕ್ಸಿನ ಕಟ್ಟಿನಿಂದ ಬೇರೆ ತೆಗೆದಿಡಿ. ನೀವು ಮನೆ ಕೊಂಡಾಗ ಹಿಂದಿನ ಮಾಲೀಕರ ಬಾಕಿಯನ್ನು ಒಪ್ಪಂದದಂತೆ ನೀವು ತೀರಿಸಿದ್ದು, ಅದು ಕ್ರಯಪತ್ರದಲ್ಲಿ ಬರೆದಿದ್ದರೆ, ಅದನ್ನು ಕೊಂಡ ವೆಚ್ಚದ ಭಾಗವೆಂದು ಕೇಳಲು ಆಧಾರವಿದೆ. ಅಡಮಾನ ಸಾಲಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 1997ರಲ್ಲಿ ಇದೇ ಭೇದವನ್ನು ಗುರುತಿಸಿತು: ಹಿಂದಿನ ಮಾಲೀಕರು ಮಾಡಿಟ್ಟ ಅಡಮಾನವನ್ನು ತೀರಿಸಿದ್ದು ಕೊಂಡ ವೆಚ್ಚಕ್ಕೆ ಸೇರುತ್ತದೆ, ತಾನೇ ಮಾಡಿಟ್ಟ ಅಡಮಾನವನ್ನು ತೀರಿಸಿದ್ದು ಸೇರುವುದಿಲ್ಲ.

ಬೆಲೆಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಕ್ರಯಪತ್ರದ ಬೆಲೆಗಿಂತ ಮಾರ್ಗಸೂಚಿ ಬೆಲೆ ಶೇಕಡಾ 10ಕ್ಕಿಂತ ಹೆಚ್ಚಿದ್ದರೆ ಕಲಂ 50ಸಿ ಪ್ರಕಾರ ಮಾರ್ಗಸೂಚಿ ಬೆಲೆಯೇ ಮಾರಾಟದ ಬೆಲೆಯಾಗುತ್ತದೆ. ಕರ್ನಾಟಕದಲ್ಲಿ 2023ರ ಅಕ್ಟೋಬರ್ 1ರಿಂದ ಮಾರ್ಗಸೂಚಿ ಬೆಲೆಗಳು ಪರಿಷ್ಕೃತವಾಗಿವೆ. 50 ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ವ್ಯವಹಾರದಲ್ಲಿ ಖರೀದಿದಾರರು ಶೇಕಡಾ 1 ತೆರಿಗೆಯನ್ನು ಮೂಲದಲ್ಲೇ ಕಡಿತ ಮಾಡುತ್ತಾರೆ. ನಮ್ಮ ಉದಾಹರಣೆಯಲ್ಲಿ ಅದು 52,000 ರೂಪಾಯಿ. 30 ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ನೋಂದಣಿಗಳ ವಿವರ ಉಪನೋಂದಣಾಧಿಕಾರಿಗಳ ಕಚೇರಿಯಿಂದ ಆದಾಯ ತೆರಿಗೆ ಇಲಾಖೆಗೆ ತಾನಾಗಿಯೇ ಹೋಗುತ್ತದೆ. ಆದ್ದರಿಂದ ಬಾಕಿ ಕಳೆದು ಉಳಿದ ಬೆಲೆಯನ್ನು ತೋರಿಸಿದರೆ ಎರಡು ಕಡೆಯ ಅಂಕಿಗಳು ತಾಳೆಯಾಗದೆ ನೋಟಿಸ್ ಬರುವ ಸಂಭವವಿದೆ.

ರಸೀದಿಗಳು ಸಾಕ್ಷ್ಯವಾಗಿ ಬೇಕು

ಕಡಿತ ಸಿಗಲಿ ಸಿಗದಿರಲಿ, ಆಸ್ತಿ ತೆರಿಗೆಯ ರಸೀದಿಗಳನ್ನು ಎಸೆಯಬಾರದು. ಎರಡನೇ ಮನೆ ಮಾರಿದವರಿಗೂ ಕಲಂ 54ರ ವಿನಾಯಿತಿ ಸಿಗುತ್ತದೆ. ಮಾರಿದ ಮನೆಯಲ್ಲಿ ತಾವೇ ವಾಸವಿದ್ದಿರಬೇಕೆಂಬ ನಿಯಮವಿಲ್ಲ. ಮಾರಾಟಕ್ಕೆ ಒಂದು ವರ್ಷ ಮೊದಲು ಅಥವಾ ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಂಡರೆ, ಇಲ್ಲವೇ ಮೂರು ವರ್ಷದೊಳಗೆ ಕಟ್ಟಿಸಿದರೆ, ಅದಕ್ಕೆ ತೊಡಗಿಸಿದಷ್ಟು ಲಾಭಕ್ಕೆ ತೆರಿಗೆಯಿಲ್ಲ. ಆದರೆ ಮಾರಿದ್ದು ವಾಸದ ಮನೆಯೇ ಆಗಿರಬೇಕು. ಮನೆ ಕಟ್ಟಿ ಹತ್ತು ವರ್ಷವಾದರೂ ಪಾಲಿಕೆಯ ದಾಖಲೆಯಲ್ಲಿ ಖಾಲಿ ನಿವೇಶನವೆಂದೇ ಸ್ವಯಂ ಘೋಷಣೆ ಮಾಡಿ ಕಡಿಮೆ ತೆರಿಗೆ ಕಟ್ಟುತ್ತ ಬಂದವರಿಗೆ ಈ ಹಂತದಲ್ಲಿ ತೊಡಕಾಗುತ್ತದೆ, ಏಕೆಂದರೆ ಅಧಿಕಾರಿಗಳು ಮೊದಲು ಕೇಳುವುದು ತೆರಿಗೆ ರಸೀದಿ ಮತ್ತು ಖಾತೆಯನ್ನೇ. ವಾಣಿಜ್ಯ ಕಟ್ಟಡವೆಂದು ದಾಖಲಾಗಿದ್ದರೂ ಇದೇ ತೊಡಕು. ಮಾರುವ ಯೋಚನೆಯಿದ್ದರೆ ದಾಖಲೆಯನ್ನು ಮುಂಚಿತವಾಗಿ ಸರಿಪಡಿಸಿಕೊಂಡು, ವ್ಯತ್ಯಾಸದ ತೆರಿಗೆಯನ್ನೂ ಕಟ್ಟಿಬಿಡಿ. ಮೇಲಂತಸ್ತನ್ನು ಯಾವ ವರ್ಷ ಕಟ್ಟಿಸಿದಿರಿ ಎಂಬುದಕ್ಕೂ, ಗುತ್ತಿಗೆದಾರರ ಬಿಲ್ಲುಗಳು ಕಳೆದುಹೋಗಿದ್ದಾಗ, ಆ ವರ್ಷದಿಂದ ಹೆಚ್ಚಿದ ಅಳತೆಯನ್ನು ತೋರಿಸುವ ತೆರಿಗೆ ರಸೀದಿ ಒಳ್ಳೆಯ ಆಧಾರವಾಗುತ್ತದೆ.

ಇನ್ನು ಬಾಕಿ ತೀರಿಸದೆ ನೋಂದಣಿಯ ಹಂತಕ್ಕೆ ಹೋಗುವುದೇ ಈಗ ಕಷ್ಟವಾಗಿದೆ. ನಗರ ಪ್ರದೇಶದ ಸ್ವತ್ತಿಗೆ ಇ-ಖಾತೆ, ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮನೆಗೆ ಇ-ಸ್ವತ್ತು ತಂತ್ರಾಂಶದ ನಮೂನೆ-9 ಮತ್ತು ನಮೂನೆ-11 ಬೇಕು, ಇವುಗಳಿಗೆ ಅರ್ಜಿ ಹಾಕುವಾಗ ಚಾಲ್ತಿ ವರ್ಷದ ತೆರಿಗೆ ರಸೀದಿಯನ್ನು ಕೇಳುತ್ತಾರೆ. ತೀರಿಹೋದ ತಂದೆಯ ಹೆಸರಿನಲ್ಲೇ ಖಾತೆ ಇದ್ದರೆ ಅದನ್ನು ವಾರಸುದಾರರ ಹೆಸರಿಗೆ ಮೊದಲು ಮಾಡಿಸಿಕೊಳ್ಳಿ. ಅಣ್ಣತಮ್ಮಂದಿರು ಜಂಟಿಯಾಗಿ ಮಾರುವಾಗ ಒಬ್ಬರೇ ಪೂರ್ತಿ ತೆರಿಗೆ ಕಟ್ಟಿ, ಬಾಡಿಗೆಯನ್ನು ಎಲ್ಲರೂ ಪಾಲು ಹಂಚಿಕೊಂಡು ತೋರಿಸುವುದು ನಡೆಯುತ್ತಿರುತ್ತದೆ. ಇದಕ್ಕಿಂತ ಪ್ರತಿಯೊಬ್ಬರೂ ತಮ್ಮ ಪಾಲಿನ ತೆರಿಗೆಯನ್ನು ಕಟ್ಟಿದವರ ಖಾತೆಗೆ ಬ್ಯಾಂಕಿನ ಮೂಲಕ ಅದೇ ವರ್ಷದೊಳಗೆ ಕಳುಹಿಸಿಬಿಟ್ಟರೆ, ಯಾರ ಬಾಡಿಗೆಯಿಂದ ಎಷ್ಟು ಕಳೆಯಬೇಕೆಂಬುದರಲ್ಲಿ ಗೊಂದಲ ಉಳಿಯುವುದಿಲ್ಲ.

2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬರುವುದರಿಂದ ಅಂದಿನಿಂದ ಮುಂದಿನ ಆದಾಯಕ್ಕೆ ಮೇಲೆ ಹೇಳಿದ ಕಲಂ ಸಂಖ್ಯೆಗಳು ಬದಲಾಗುತ್ತವೆ. ಆಸ್ತಿ ತೆರಿಗೆಯನ್ನು ಪಾವತಿಸಿದ ವರ್ಷದಲ್ಲಿಯೇ, ಬಾಡಿಗೆಯಿಂದಲೇ ಕಳೆಯಬೇಕೆಂಬ ಮೂಲ ನಿಯಮ ಅಲ್ಲಿಯೂ ಮುಂದುವರಿದಿದೆ, ಮತ್ತು ಶೇಕಡಾ 30ರ ಕಡಿತವನ್ನು ಈ ತೆರಿಗೆ ಕಳೆದ ನಂತರದ ಮೊತ್ತದ ಮೇಲೆ ಲೆಕ್ಕ ಹಾಕಬೇಕೆಂಬುದನ್ನು ಅಲ್ಲಿ ಸ್ಪಷ್ಟವಾಗಿ ಬರೆಯಲಾಗಿದೆ. ನೋಂದಣಿ ಮುಗಿದ ಮೇಲೆ ಖರೀದಿದಾರರ ಹೆಸರಿಗೆ ಖಾತೆ ಬದಲಾಯಿತೇ ಎಂದು ಒಮ್ಮೆ ವಿಚಾರಿಸಿ, ಹಳೆಯ ಹೆಸರಿಗೆ ಮುಂದಿನ ವರ್ಷದ ತೆರಿಗೆ ಬೇಡಿಕೆ ಬಾರದಂತೆ ನೋಡಿಕೊಳ್ಳಿ. ಕ್ರಯಪತ್ರದ ಪ್ರತಿ, ತೆರಿಗೆ ರಸೀದಿಗಳು ಮತ್ತು ಪಾವತಿ ತೋರಿಸುವ ಬ್ಯಾಂಕ್ ಪಟ್ಟಿಯನ್ನು ಒಂದೇ ಕಡತದಲ್ಲಿ ಇಟ್ಟುಕೊಂಡು, ಆದಾಯ ತೆರಿಗೆ ವಿವರ ಸಲ್ಲಿಸುವಾಗ ಅದನ್ನು ಆಡಿಟರ್ ಅವರಿಗೆ ಕೊಡಿ.